‘ಅವಸರಂ ಲೇದು’ ಎಂದರೆ ಅವಸರ ಇಲ್ಲ ಅಂತಲ್ಲ! ಅಮೀರ್‌ಪೇಟ್‌ನಲ್ಲಿ ಮಾತು ಎಡವುವುದು ಎಲ್ಲಿ?

ಹೈದರಾಬಾದ್‌ನ ಅಮೀರ್‌ಪೇಟ್‌ನಲ್ಲಿ ಸಾಫ್ಟ್‌ವೇರ್ ಕೋರ್ಸ್ ಕಲಿಯಲು ರಾಯಚೂರಿನಿಂದ ಬಂದ ಹುಡುಗನೊಬ್ಬನನ್ನು ಊಹಿಸಿಕೊಳ್ಳಿ. ಹಾಸ್ಟೆಲ್ ರೂಮ್‌ಮೇಟ್ ತೆಲುಗಿನವನು, ಒಳ್ಳೆಯವನು. ತನಗೆ ಪರಿಚಯವಿರುವ ಕಂಪನಿಯಲ್ಲಿ ಕೆಲಸ ಖಾಲಿ ಇದೆ ಎಂದು ಗೊತ್ತಾದಾಗ ‘ನೀ ರೆಸ್ಯೂಮ್ ಪಂಪನಾ?’ ಎಂದು ಕೇಳುತ್ತಾನೆ. ಅಂದರೆ, ನಿನ್ನ ರೆಸ್ಯೂಮ್ ಕಳಿಸಲಾ ಎಂದು. ರೆಸ್ಯೂಮ್‌ನಲ್ಲಿ ಸಣ್ಣಪುಟ್ಟ ತಿದ್ದುಪಡಿ ಬಾಕಿ ಇದೆ. ‘ಅವಸರ ಇಲ್ಲ, ನಾಳೆ ಕಳಿಸಿದರೂ ನಡೆಯುತ್ತೆ’ ಎಂಬ ಅರ್ಥದಲ್ಲಿ ರಾಯಚೂರಿನ ಹುಡುಗ ತನಗೆ ಬಂದಷ್ಟು ತೆಲುಗಿನಲ್ಲಿ ‘ಅವಸರಂ ಲೇದು’ ಎನ್ನುತ್ತಾನೆ. ರೂಮ್‌ಮೇಟ್ ಸುಮ್ಮನಾಗುತ್ತಾನೆ. ರೆಸ್ಯೂಮ್ ಹೋಗುವುದೇ ಇಲ್ಲ. ಅರ್ಜಿಯ ಕೊನೆಯ ದಿನ ಮುಗಿದುಹೋಗುತ್ತದೆ.

ಇಲ್ಲಿ ಯಾರೂ ಸುಳ್ಳು ಹೇಳಲಿಲ್ಲ, ಯಾರೂ ಮೋಸ ಮಾಡಲಿಲ್ಲ. ತೆಲುಗಿನಲ್ಲಿ ‘ಅವಸರಂ’ ಎಂದರೆ ಅಗತ್ಯ. ‘ಅವಸರಂ ಲೇದು’ ಎಂದರೆ ‘ಬೇಕಾಗಿಲ್ಲ’. ಕನ್ನಡದ ಹುಡುಗ ‘ನಿಧಾನಕ್ಕೆ ಕಳಿಸು’ ಎಂದ, ತೆಲುಗಿನ ಹುಡುಗ ‘ನಿನ್ನ ಸಹಾಯ ಬೇಡ’ ಎಂದು ಕೇಳಿಸಿಕೊಂಡ. ಒಬ್ಬನಿಗೆ ಅವಕಾಶ ತಪ್ಪಿದ ಬೇಸರ, ಇನ್ನೊಬ್ಬನಿಗೆ ಸಹಾಯಕ್ಕೆ ಹೋಗಿ ಬೇಡ ಅನ್ನಿಸಿಕೊಂಡ ಬೇಸರ.

ಬೇರೆ ಭಾಷೆ, ಬೇರೆ ಸಂಸ್ಕೃತಿಯವರ ಜತೆ ಮಾತನಾಡುವಾಗ ಆಗುವ ಎಡವಟ್ಟುಗಳಲ್ಲಿ ಹೆಚ್ಚಿನವು ಇಂಥವೇ. ಅರ್ಥವಾಗದ ಪದ ಬಂದರೆ ಜನ ‘ಏನಂದ್ರಿ?’ ಎಂದು ಕೇಳುತ್ತಾರೆ. ಅರ್ಥವಾಯಿತು ಅಂದುಕೊಂಡ ಪದ ಬಂದರೆ ಯಾರೂ ಕೇಳುವುದಿಲ್ಲ. ಅಪಾಯ ಇರುವುದು ಅಲ್ಲೇ.

ಅಮೀರ್‌ಪೇಟ್‌: ಹಲವು ಭಾಷೆಗಳ ಕೂಡುರಸ್ತೆ

ಮೈತ್ರಿವನಂ ಸುತ್ತಮುತ್ತಲಿನ ಕಟ್ಟಡಗಳಲ್ಲಿ ಜಾವಾ, ಪೈಥಾನ್, ಟೆಸ್ಟಿಂಗ್, ಕ್ಲೌಡ್, ಎಸ್‌ಎಪಿ ಕಲಿಸುವ ತರಬೇತಿ ಕೇಂದ್ರಗಳು ಒಂದರ ಮೇಲೊಂದು ತುಂಬಿಕೊಂಡಿವೆ. ಪಕ್ಕದ ಎಸ್‌.ಆರ್‌. ನಗರದ ಗಲ್ಲಿಗಳಲ್ಲಿ ಹಾಸ್ಟೆಲ್‌ಗಳದ್ದೇ ಸಾಲು. 2017ರ ನವೆಂಬರ್‌ನಲ್ಲಿ ಮೆಟ್ರೊ ಆರಂಭವಾದ ಮೇಲೆ ಎರಡು ಮಾರ್ಗಗಳು ಕೂಡುವ ನಿಲ್ದಾಣವೂ ಇಲ್ಲಿಯೇ. ತೆಲಂಗಾಣ, ಆಂಧ್ರ ಮಾತ್ರವಲ್ಲ, ಬೀದರ್, ಕಲಬುರಗಿ, ರಾಯಚೂರು, ಬಳ್ಳಾರಿಯ ಯುವಕರಿಗೂ ಇದು ಹತ್ತಿರದ ಐಟಿ ಬಾಗಿಲು.

ಈ ಸಂಬಂಧ ಹಳೆಯದು. ಬೀದರ್, ಗುಲ್ಬರ್ಗ, ರಾಯಚೂರು ಜಿಲ್ಲೆಗಳು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಕನ್ನಡ, ತೆಲುಗು, ಮರಾಠಿ, ಉರ್ದು ಆಡುವವರು ಒಂದೇ ಆಡಳಿತದಡಿ ಬದುಕಿದ್ದರು. ಹೀಗಾಗಿ ಕಲ್ಯಾಣ ಕರ್ನಾಟಕದವರಿಗೆ ಹೈದರಾಬಾದ್ ಪರದೇಶ ಅನ್ನಿಸುವುದಿಲ್ಲ. ಬೋರ್ಡ್‌ಗಳನ್ನೂ ಅರ್ಧಂಬರ್ಧ ಓದಬಹುದು. ಕನ್ನಡ ಮತ್ತು ತೆಲುಗು ಲಿಪಿಗಳು ಒಂದೇ ಹಳೆಯ ಲಿಪಿಯಿಂದ ಕವಲೊಡೆದವು.

ಆದರೆ ಇದೇ ಹತ್ತಿರದ ನಂಟು ಕೆಲವೊಮ್ಮೆ ದಾರಿ ತಪ್ಪಿಸುತ್ತದೆ. ಚೆನ್ನೈಗೆ ಅಥವಾ ಕೋಲ್ಕತ್ತಾಗೆ ಹೋದ ಕನ್ನಡಿಗ ಪ್ರತಿ ಪದಕ್ಕೂ ಎಚ್ಚರವಾಗಿರುತ್ತಾನೆ. ಹೈದರಾಬಾದ್‌ನಲ್ಲಿ ಆ ಎಚ್ಚರ ಸಡಿಲವಾಗುತ್ತದೆ. ‘ಕನ್ನಡದ ಪದಕ್ಕೆ ಅಂ ಸೇರಿಸಿದರೆ ತೆಲುಗು’ ಎಂಬ ನಂಬಿಕೆ ಹತ್ತು ಸಲ ಸರಿಯಾಗಿ, ಹನ್ನೊಂದನೇ ಸಲ ಕೈಕೊಡುತ್ತದೆ.

ಪದ ಒಂದೇ, ಅರ್ಥ ಬೇರೆ

ಕೆಲವು ಉದಾಹರಣೆ ನೋಡಿ.

ತೆಲುಗಿನಲ್ಲಿ ‘ತೊಂದರ’ ಎಂದರೆ ಅವಸರ, ಕನ್ನಡದಲ್ಲಿ ‘ತೊಂದರೆ’ ಎಂದರೆ ಕಷ್ಟ. ‘ತೊಂದರಗಾ ರಾ’ ಎಂದರೆ ಬೇಗ ಬಾ ಎಂದೇ ಹೊರತು ತೊಂದರೆ ಕೊಡಲು ಬಾ ಎಂದಲ್ಲ. ಮೇಲಿನ ಕಥೆಯ ಹುಡುಗ ಹೇಳಬೇಕಾಗಿದ್ದೂ ‘ತೊಂದರ ಲೇದು’ ಎಂದೇ.

‘ಆಲಸ್ಯಂ’ ಎಂದರೆ ತೆಲುಗಿನಲ್ಲಿ ಸಾಮಾನ್ಯವಾಗಿ ತಡ. ‘ಆಲಸ್ಯಂ ಅಯಿಂದಿ’ ಎಂದು ಟ್ರೈನರ್ ಹೇಳಿದರೆ ‘ಲೇಟಾಯಿತು’ ಎಂದಷ್ಟೇ. ಕನ್ನಡದ ಕಿವಿಗೆ ಅದು ‘ಸೋಮಾರಿ’ ಎಂಬ ಬೈಗುಳದಂತೆ ಕೇಳಬಹುದು.

‘ಶಿಕ್ಷಣ’ ಎಂದರೆ ತೆಲುಗಿನಲ್ಲಿ ತರಬೇತಿ, ಕನ್ನಡದಲ್ಲಿ ವಿದ್ಯಾಭ್ಯಾಸ. ‘ಪ್ರಮಾದಂ’ ಎಂದರೆ ಅಲ್ಲಿ ಅಪಾಯ ಅಥವಾ ಅಪಘಾತ, ಇಲ್ಲಿ ‘ಪ್ರಮಾದ’ ಎಂದರೆ ತಪ್ಪು. ‘ಉದ್ಯಮಂ’ ಎಂದರೆ ಅಲ್ಲಿ ಚಳವಳಿ, ಇಲ್ಲಿ ‘ಉದ್ಯಮ’ ಎಂದರೆ ಕೈಗಾರಿಕೆ ಅಥವಾ ವ್ಯಾಪಾರ. 2014ರ ಜೂನ್ 2ರಂದು ಹೊಸ ರಾಜ್ಯ ಹುಟ್ಟಲು ಕಾರಣವಾದ ‘ತೆಲಂಗಾಣ ಉದ್ಯಮಂ’ ಬಗ್ಗೆ ಪುಸ್ತಕ ಕಂಡರೆ ಅದು ಕಾರ್ಖಾನೆಗಳ ಪಟ್ಟಿ ಅಲ್ಲ.

‘ಉಂಡು’ ಎಂದು ಯಾರಾದರೂ ಕೈ ಅಡ್ಡ ಹಿಡಿದರೆ ಊಟದ ಮಾತಲ್ಲ, ‘ಸ್ವಲ್ಪ ಇರು, ತಾಳು’ ಎಂದರ್ಥ. ‘ತಿಂಡಿ’ ಎಂದರೆ ಅಲ್ಲಿ ಯಾವುದೇ ಆಹಾರ, ಬೆಳಗಿನ ದೋಸೆ–ಇಡ್ಲಿಯೇ ಆಗಬೇಕಿಲ್ಲ. ಉತ್ತರ ಕರ್ನಾಟಕದಲ್ಲಿ ‘ಅವ್ವ’ ತಾಯಿ, ರಾಯಲಸೀಮೆಯ ತೆಲುಗಿನಲ್ಲಿ ‘ಅವ್ವ’ ಅಜ್ಜಿ.

ಹೀಗೇಕೆ? ಈ ಪದಗಳಲ್ಲಿ ಹಲವು ಸಂಸ್ಕೃತದಿಂದ ಬಂದವು. ಎರಡೂ ಭಾಷೆ ಒಂದೇ ಪದವನ್ನು ತೆಗೆದುಕೊಂಡು, ತಮ್ಮ ಬಳಕೆಗೆ ತಕ್ಕಂತೆ ಅರ್ಥವನ್ನು ಬೇರೆ ದಿಕ್ಕಿಗೆ ಎಳೆದವು. ಹಿಂದಿಯ ವಿಷಯದಲ್ಲೂ ಇದೇ ಕಥೆ. ಹಿಂದಿಯಲ್ಲಿ ‘ಶಿಕ್ಷಾ’ ಎಂದರೆ ಶಿಕ್ಷಣ, ಕನ್ನಡದಲ್ಲಿ ‘ಶಿಕ್ಷೆ’ ದಂಡನೆ. ಹಿಂದಿಯ ‘ಉಪನ್ಯಾಸ್’ ಕಾದಂಬರಿ, ಕನ್ನಡದ ‘ಉಪನ್ಯಾಸ’ ಭಾಷಣ.

ಏಕವಚನ ಎಂದರೆ ಅಗೌರವವೇ?

ಪದದ ಅರ್ಥ ತಪ್ಪಿದರೆ ನಕ್ಕು ಸರಿಪಡಿಸಬಹುದು. ಮರ್ಯಾದೆಯ ವಿಷಯ ಹಾಗಲ್ಲ. ಅಲ್ಲಿ ಮನಸ್ಸಿಗೆ ನೋವಾಗುತ್ತದೆ, ಆದರೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಕಲಬುರಗಿ ಕಡೆಯವರಿಗೆ ‘ಹೌದ್ರಿ’, ‘ಬರ್ರಿ’ ಎಂಬಲ್ಲಿನ ‘ರಿ’ ಒಂದೇ ಅಕ್ಷರದಲ್ಲಿ ಮರ್ಯಾದೆ ಪೂರ್ತಿ ಇರುತ್ತದೆ. ಮನೆಯ ಹಿರಿಯರನ್ನು ‘ನೀ’ ಎಂದು ಕರೆಯುವುದೂ ಅಲ್ಲಿ ಸಲುಗೆ. ಅದೇ ಮಾತು ಮೈಸೂರು ಕಡೆಯವರಿಗೆ ಒರಟು ಅನ್ನಿಸುವುದುಂಟು. ತೆಲುಗಿನಲ್ಲೂ ಇದೇ ಭೇದ ಇದೆ. ಕರಾವಳಿ ಆಂಧ್ರದವರ ಮಾತಿನಲ್ಲಿ ‘ಅಂಡಿ’, ‘ಗಾರು’ ಹೆಚ್ಚು. ತೆಲಂಗಾಣದ ಆಡುಮಾತಿನಲ್ಲಿ ಅದು ಅಷ್ಟಾಗಿ ಬರುವುದಿಲ್ಲ. ಹಾಗೆಂದು ತೆಲಂಗಾಣದವರ ಮನಸ್ಸಿನಲ್ಲಿ ಗೌರವ ಕಡಿಮೆ ಎಂದಲ್ಲ. ಅವರು ಗೌರವವನ್ನು ಧ್ವನಿಯಲ್ಲಿ, ‘ಅನ್ನಾ’ ಎಂದು ಕರೆಯುವ ರೀತಿಯಲ್ಲಿ ಇಟ್ಟಿರುತ್ತಾರೆ.

ಗೌರವದ ಪದವೇ ಬೇರೆ ಭಾಷೆಯಲ್ಲಿ ಬೈಗುಳವಾಗುವ ವಿಚಿತ್ರವೂ ಇದೆ. ತೆಲುಗಿನಲ್ಲಿ ‘ರಂಡಿ’ ಎಂದರೆ ‘ಬನ್ನಿ’ ಎಂಬ ವಿನಯದ ಸ್ವಾಗತ. ಹಿಂದಿ, ದಖ್ಖನಿ, ಕನ್ನಡದ ಕಿವಿಗೆ ಅದು ಹೆಣ್ಣನ್ನು ಹೀಯಾಳಿಸುವ ಪದದಂತೆ ಕೇಳುತ್ತದೆ. ಹೊಸಬರು ಮೊದಲ ದಿನವೇ ಇದನ್ನು ತಿಳಿದುಕೊಂಡಿದ್ದರೆ ಒಳ್ಳೆಯದು.

ಸಮಯದ ಲೆಕ್ಕವೂ ಹಾಗೆಯೇ. ಹಿಂದಿಯಲ್ಲಿ ‘ಪರ್ಸೋಂ’ ಎಂದರೆ ಮೊನ್ನೆ ಅಥವಾ ನಾಳಿದ್ದು. ಹೈದರಾಬಾದಿ ದಖ್ಖನಿಯಲ್ಲಿ ಅದು ಕಳೆದ ವಾರವೂ ಆಗಬಹುದು, ಕಳೆದ ವರ್ಷವೂ ಆಗಬಹುದು. ‘ಪರ್ಸೋಂ ರಿಪೇರಿ ಮಾಡಿಸಿದ್ದು’ ಎಂದು ಬೈಕ್ ಮಾರುವವನು ಹೇಳಿದರೆ ತಾರೀಖು ಕೇಳುವುದು ಜಾಣತನ.

‘ಟ್ರೈ ಮಾಡ್ತೀವಿ’ ಎಂಬುದರ ಅರ್ಥವೇನು?

ಅಮೀರ್‌ಪೇಟ್‌ನಲ್ಲಿ ಕಲಿತವರು ಮುಂದೆ ಹೈಟೆಕ್ ಸಿಟಿಗೋ ಬೆಂಗಳೂರಿಗೋ ಹೋಗಿ ಅಮೆರಿಕ, ಯುರೋಪಿನ ಗ್ರಾಹಕರ ಜತೆ ಕೆಲಸ ಮಾಡಬೇಕಾಗುತ್ತದೆ. ಅಲ್ಲಿ ಎಲ್ಲರೂ ಮಾತಾಡುವುದು ಇಂಗ್ಲಿಷ್. ಆದರೂ ಗೊಂದಲ ನಿಲ್ಲುವುದಿಲ್ಲ.

‘ಶುಕ್ರವಾರದೊಳಗೆ ಮುಗಿಯುತ್ತಾ?’ ಎಂದು ಆ ಕಡೆಯವರು ಕೇಳುತ್ತಾರೆ. ‘ಟ್ರೈ ಮಾಡ್ತೀವಿ’ ಎಂದು ಈ ಕಡೆಯವರು ಹೇಳುತ್ತಾರೆ. ನಮ್ಮಲ್ಲಿ ‘ನೋಡೋಣ’, ‘ಪ್ರಯತ್ನ ಮಾಡ್ತೀನಿ’ ಎಂದರೆ ಬಹುತೇಕ ‘ಕಷ್ಟ ಇದೆ’ ಎಂದೇ ಅರ್ಥ. ಮುಖಕ್ಕೆ ಹೊಡೆದಂತೆ ‘ಆಗಲ್ಲ’ ಎನ್ನಬಾರದು ಎಂಬ ಸೌಜನ್ಯ ಅದು. ಮದುವೆಗೆ ಕರೆದವರಿಗೆ ‘ನೋಡೋಣ, ಬರೋಕೆ ಟ್ರೈ ಮಾಡ್ತೀನಿ’ ಎಂದರೆ ಕರೆದವರಿಗೆ ಅರ್ಥವಾಗಿಬಿಡುತ್ತದೆ. ಆದರೆ ಅಮೆರಿಕದ ಮ್ಯಾನೇಜರ್ ಅದನ್ನು ‘ಸರಿ, ಮುಗಿಸುತ್ತಾರೆ’ ಎಂದು ಬರೆದುಕೊಳ್ಳಬಹುದು. ಶುಕ್ರವಾರ ಕೆಲಸ ಮುಗಿಯದಿದ್ದಾಗ ‘ಮಾತಿಗೆ ತಪ್ಪುವವರು’ ಎಂಬ ಹೆಸರು ಬರುತ್ತದೆ.

ಈ ವ್ಯತ್ಯಾಸಕ್ಕೆ ಹೆಸರು ಕೊಟ್ಟವರು ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಟಿ. ಹಾಲ್. 1950ರ ದಶಕದಲ್ಲಿ ಅವರು ವಿದೇಶಕ್ಕೆ ಹೋಗುವ ಅಮೆರಿಕದ ರಾಜತಾಂತ್ರಿಕರಿಗೆ ತರಬೇತಿ ಕೊಡುತ್ತಿದ್ದರು. 1959ರಲ್ಲಿ ‘ದಿ ಸೈಲೆಂಟ್ ಲಾಂಗ್ವೇಜ್’, 1976ರಲ್ಲಿ ‘ಬಿಯಾಂಡ್ ಕಲ್ಚರ್’ ಪುಸ್ತಕ ಬರೆದರು. ಅವರ ಪ್ರಕಾರ ಕೆಲವು ಸಮಾಜಗಳಲ್ಲಿ ಅರ್ಥದ ಬಹುಪಾಲು ಆಡಿದ ಮಾತಿನಲ್ಲೇ ಇರುತ್ತದೆ. ಇನ್ನು ಕೆಲವು ಸಮಾಜಗಳಲ್ಲಿ ಅರ್ಥದ ಬಹುಪಾಲು ಸಂದರ್ಭದಲ್ಲಿ ಇರುತ್ತದೆ. ಯಾರು ಹೇಳಿದರು, ಯಾರ ಎದುರು, ಯಾವ ಧ್ವನಿಯಲ್ಲಿ, ಎಷ್ಟು ಹೊತ್ತು ಸುಮ್ಮನಿದ್ದು ಹೇಳಿದರು ಎಂಬುದೆಲ್ಲ ಅಲ್ಲಿ ಲೆಕ್ಕಕ್ಕೆ ಬರುತ್ತದೆ.

ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳುವ ರೂಢಿ ನಮ್ಮದು. ನಾವು ‘ಹೂಂ’ ಎಂದರೆ ಕೆಲವೊಮ್ಮೆ ‘ಒಪ್ಪಿದೆ’, ಬಹಳ ಸಲ ‘ಕೇಳಿಸಿಕೊಳ್ಳುತ್ತಿದ್ದೇನೆ’ ಎಂದಷ್ಟೇ. ದಕ್ಷಿಣ ಭಾರತೀಯರು ತಲೆಯನ್ನು ಅಕ್ಕಪಕ್ಕ ವಾಲಿಸಿದರೆ ‘ಆಯ್ತು’ ಎಂದು ನಮಗೆ ಗೊತ್ತು, ಹೊರಗಿನವರಿಗೆ ಅದು ಹೌದೋ ಅಲ್ಲವೋ ತಿಳಿಯುವುದಿಲ್ಲ. ಸಂದರ್ಶನದಲ್ಲಿ ಹಿರಿಯರ ಕಣ್ಣಿಗೆ ಕಣ್ಣಿಟ್ಟು ನೋಡದಿರುವುದು ನಮ್ಮ ಮನೆಗಳಲ್ಲಿ ಕಲಿಸಿದ ವಿನಯ, ಪಾಶ್ಚಾತ್ಯರಿಗೆ ಅದು ಆತ್ಮವಿಶ್ವಾಸದ ಕೊರತೆಯಾಗಿ ಕಾಣಬಹುದು.

ಇದು ಎರಡೂ ಕಡೆ ಆಗುವ ತಪ್ಪು. ‘ಊಟ ಆಯ್ತಾ?’ ಎಂದು ನಾವು ಕೇಳುವುದು ಕುಶಲ ಪ್ರಶ್ನೆ, ವಿದೇಶಿಯರು ಅದನ್ನು ಊಟದ ಆಹ್ವಾನ ಎಂದುಕೊಳ್ಳಬಹುದು. ‘ಹೌ ಆರ್ ಯು?’ ಎಂದು ಅವರು ಕೇಳುವುದೂ ಬರೀ ನಮಸ್ಕಾರ, ನಾವು ಅದಕ್ಕೆ ನೆಗಡಿ–ಜ್ವರದ ವರದಿ ಕೊಟ್ಟರೆ ಅವರಿಗೆ ಗಲಿಬಿಲಿ.

ನಮ್ಮ ಇಂಗ್ಲಿಷ್, ಅವರ ಇಂಗ್ಲಿಷ್

ಭಾರತದ ಆಫೀಸುಗಳಲ್ಲಿ ‘ಐ ವಿಲ್ ರಿವರ್ಟ್’ ಎಂದರೆ ‘ಉತ್ತರ ಕೊಡುತ್ತೇನೆ’. ಸಾಫ್ಟ್‌ವೇರ್ ಕೆಲಸದಲ್ಲಿ ‘ರಿವರ್ಟ್’ ಎಂದರೆ ಮಾಡಿದ ಬದಲಾವಣೆಯನ್ನು ರದ್ದು ಮಾಡಿ ಹಳೆಯ ಸ್ಥಿತಿಗೆ ತರುವುದು. ಕೋಡ್ ಬಗ್ಗೆ ಬರೆದ ಮೇಲ್‌ನಲ್ಲಿ ಈ ಪದ ಬಂದರೆ ಆ ಕಡೆಯವರು ಬೆಚ್ಚಿಬೀಳುವುದು ಸಹಜ.

‘ಐ ಹ್ಯಾವ್ ಎ ಡೌಟ್’ ಎಂದರೆ ನಮ್ಮಲ್ಲಿ ‘ಒಂದು ಪ್ರಶ್ನೆ ಇದೆ’. ಅಮೆರಿಕನ್ನರಿಗೆ ಅದು ‘ನೀವು ಹೇಳಿದ್ದರ ಮೇಲೆ ನಂಬಿಕೆ ಇಲ್ಲ’ ಎಂದು ಕೇಳಬಹುದು. ‘2022ರಲ್ಲಿ ಪಾಸ್ಡ್ ಔಟ್’ ಎಂದರೆ ನಮ್ಮಲ್ಲಿ ಕಾಲೇಜು ಮುಗಿಸಿದ್ದು, ಅಲ್ಲಿ ಪ್ರಜ್ಞೆ ತಪ್ಪಿ ಬಿದ್ದದ್ದು. ಫೋನ್ ಎತ್ತಿ ‘ಹೇಳಿ’ ಅಥವಾ ‘ಚೆಪ್ಪಂಡಿ’ ಎನ್ನುವುದು ನಮ್ಮ ಭಾಷೆಗಳಲ್ಲಿ ಗೌರವ. ಅದನ್ನೇ ‘ಟೆಲ್ ಮಿ’ ಎಂದು ಅನುವಾದಿಸಿದರೆ ಅಧಿಕಾರದ ಧ್ವನಿ ಬರುತ್ತದೆ.

ತಾರೀಖು ಬರೆಯುವ ಕ್ರಮವೂ ಬೇರೆ. 04/07 ಎಂದರೆ ನಮಗೆ ಜುಲೈ 4, ಅಮೆರಿಕನ್ನರಿಗೆ ಏಪ್ರಿಲ್ 7. ಹೈದರಾಬಾದ್ ಮತ್ತು ನ್ಯೂಯಾರ್ಕ್ ನಡುವಿನ ಅಂತರ ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ. ಅವರು ಮಾರ್ಚ್ ಮತ್ತು ನವೆಂಬರ್‌ನಲ್ಲಿ ಗಡಿಯಾರ ಬದಲಿಸುತ್ತಾರೆ, ನಾವು ಬದಲಿಸುವುದಿಲ್ಲ.

ಇಂಗ್ಲಿಷ್ ಮಾತೃಭಾಷೆಯವರ ನಡುವೆಯೂ ಇದು ತಪ್ಪಿದ್ದಲ್ಲ. ಒಂದು ಕಾಗದಪತ್ರವನ್ನು ‘ಟೇಬಲ್’ ಮಾಡುವುದು ಎಂದರೆ ಬ್ರಿಟಿಷರಿಗೆ ಈಗಲೇ ಚರ್ಚೆಗೆ ತರುವುದು, ಅಮೆರಿಕನ್ನರಿಗೆ ಸದ್ಯಕ್ಕೆ ಬದಿಗಿಡುವುದು. ಎರಡನೇ ಮಹಾಯುದ್ಧದ ಕಾಲದಲ್ಲಿ ಈ ಒಂದು ಪದಕ್ಕೆ ಎರಡೂ ಸೇನೆಗಳ ಅಧಿಕಾರಿಗಳು ಬಹಳ ಹೊತ್ತು ಜಗಳವಾಡಿದ್ದನ್ನು, ಕೊನೆಗೆ ಇಬ್ಬರೂ ಕೇಳುತ್ತಿದ್ದುದು ಒಂದನ್ನೇ ಎಂದು ಗೊತ್ತಾದದ್ದನ್ನು ವಿನ್‌ಸ್ಟನ್ ಚರ್ಚಿಲ್ ತಮ್ಮ ಯುದ್ಧದ ನೆನಪುಗಳಲ್ಲಿ ಬರೆದಿದ್ದಾರೆ.

ಕುವೆಂಪು ಅವರ ‘ಫಸ್ಟ್ ನೇಮ್’ ಯಾವುದು?

ವಿದೇಶಕ್ಕೆ ಹೊರಟವರಿಗೆ ಹೆಸರೇ ದೊಡ್ಡ ತಲೆನೋವು. ತೆಲುಗರಲ್ಲಿ ಮನೆತನದ ಹೆಸರು ಮೊದಲು, ಸ್ವಂತ ಹೆಸರು ನಂತರ. ನಾರಾ ಚಂದ್ರಬಾಬು ನಾಯ್ಡು ಅವರ ಹೆಸರಿನಲ್ಲಿ ‘ನಾರಾ’ ಮನೆತನ. ಹಳೆ ಮೈಸೂರು ಕಡೆ ಊರು, ತಂದೆ, ಕೊನೆಗೆ ಸ್ವಂತ ಹೆಸರು: ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ. ಉತ್ತರ ಕರ್ನಾಟಕದಲ್ಲಿ ಇದು ತಿರುವುಮುರುವು, ಅಡ್ಡಹೆಸರು ಕೊನೆಗೆ: ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ.

ಮೊದಲ ಪದವೇ ಸ್ವಂತ ಹೆಸರು, ಕೊನೆಯ ಪದವೇ ಮನೆತನ ಎಂದು ನಂಬಿದ ಅಮೆರಿಕದ ಅರ್ಜಿಯಲ್ಲಿ ಕುವೆಂಪು ಅವರು ‘ಮಿಸ್ಟರ್ ಪುಟ್ಟಪ್ಪ’ ಆಗಿ, ಹತ್ತಿರದವರಿಗೆ ‘ಕುಪ್ಪಳಿ’ ಆಗುತ್ತಿದ್ದರು! ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ ಆ ಹೆಸರು ಅಡ್ಡಹೆಸರಿನ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಬರುತ್ತದೆ. ‘ಮೊದಲ ಹೆಸರು ಗೊತ್ತಿಲ್ಲ’ ಎಂಬುದರ ಸಂಕ್ಷೇಪ ಅದು. ಅಪ್ಪ–ಅಮ್ಮ ಇಟ್ಟ ಹೆಸರು ಕಣ್ಣೆದುರೇ ಇದ್ದರೂ ದಾಖಲೆಯ ಪ್ರಕಾರ ಗೊತ್ತಿಲ್ಲ!

ಪ್ರಾಣಕ್ಕೇ ಕುತ್ತು ತಂದ ಒಂದು ಪದ

ಇವೆಲ್ಲ ಸಣ್ಣ ವಿಷಯ ಅನ್ನಿಸಬಹುದು. 1990ರ ಜನವರಿ 25ರ ಘಟನೆ ನೋಡಿದರೆ ಹಾಗನ್ನಿಸುವುದಿಲ್ಲ.

ಅಂದು ಕೊಲಂಬಿಯಾದಿಂದ ನ್ಯೂಯಾರ್ಕ್‌ಗೆ ಹೊರಟಿದ್ದ ಅವಿಯಾಂಕಾ 52 ವಿಮಾನವನ್ನು ಕೆಟ್ಟ ಹವಾಮಾನದಿಂದಾಗಿ ಒಂದು ಗಂಟೆಗೂ ಹೆಚ್ಚು ಕಾಲ ಆಕಾಶದಲ್ಲೇ ಸುತ್ತಿಸಲಾಗಿತ್ತು. ಇಂಧನ ಮುಗಿಯುತ್ತಾ ಬಂದಿತ್ತು. ಸ್ಪ್ಯಾನಿಷ್ ಮಾತೃಭಾಷೆಯ ಸಿಬ್ಬಂದಿ ರೇಡಿಯೊದಲ್ಲಿ ‘ಆದ್ಯತೆ ಬೇಕು’, ‘ಇಂಧನ ಮುಗಿಯುತ್ತಿದೆ’ ಎಂದು ಹೇಳಿದರು. ಆದರೆ ‘ಎಮರ್ಜೆನ್ಸಿ’ ಎಂಬ ಪದ ಬಳಸಲಿಲ್ಲ. ನಿಯಂತ್ರಣ ಕೊಠಡಿಯವರಿಗೆ ತುರ್ತು ಕ್ರಮಕ್ಕೆ ಬೇಕಾಗಿದ್ದು ಆ ಪದವೇ. ವಿಮಾನ ಲಾಂಗ್ ಐಲ್ಯಾಂಡ್‌ನಲ್ಲಿ ಬಿತ್ತು. 158 ಜನರಲ್ಲಿ 73 ಮಂದಿ ಸತ್ತರು.

ಇಂಧನದ ಲೆಕ್ಕಾಚಾರ ತಪ್ಪಿದ್ದೂ ಸೇರಿ ದುರಂತಕ್ಕೆ ಹಲವು ಕಾರಣಗಳಿದ್ದವು. ತುರ್ತು ಪರಿಸ್ಥಿತಿಯನ್ನು ಸ್ಪಷ್ಟವಾಗಿ ತಿಳಿಸದಿದ್ದುದನ್ನು ಅಮೆರಿಕದ ತನಿಖಾ ಮಂಡಳಿ ಮುಖ್ಯ ಕಾರಣಗಳಲ್ಲಿ ಒಂದಾಗಿ ಹೇಳಿತು. ಇಂಧನ ಕೊರತೆ ತಿಳಿಸಲು ಎಲ್ಲರಿಗೂ ಒಂದೇ ಅರ್ಥ ಕೊಡುವ ಪದಗಳಿಲ್ಲದಿದ್ದುದನ್ನೂ ಎತ್ತಿ ತೋರಿಸಿತು. ಹೇಳಿದವರಿಗೆ ತಾವು ಎಲ್ಲವನ್ನೂ ಹೇಳಿದ್ದೇವೆ ಅನ್ನಿಸಿತ್ತು, ಕೇಳಿದವರಿಗೆ ಪೂರ್ತಿ ಕೇಳಿಸಿರಲಿಲ್ಲ.

ತಪ್ಪು ಯಾರ ತಲೆಗೆ?

ಇಂಥ ಗೊಂದಲಗಳಲ್ಲಿ ಒಂದು ಅನ್ಯಾಯವೂ ಇದೆ. ಮಾತು ಎಡವುವುದು ಇಬ್ಬರ ನಡುವೆ, ಆದರೆ ದೂರು ಬರುವುದು ಕೆಳಗಿನ ಮೆಟ್ಟಿಲಲ್ಲಿ ಇರುವವರ ಮೇಲೆ. ಗ್ರಾಹಕರ ಇಂಗ್ಲಿಷ್ ಅರ್ಥವಾಗದಿದ್ದರೆ ಉದ್ಯೋಗಿಯ ಕಮ್ಯುನಿಕೇಶನ್ ಸರಿಯಿಲ್ಲ. ಉದ್ಯೋಗಿಯ ಇಂಗ್ಲಿಷ್ ಗ್ರಾಹಕರಿಗೆ ಅರ್ಥವಾಗದಿದ್ದರೂ ಉದ್ಯೋಗಿಯ ಕಮ್ಯುನಿಕೇಶನ್ ಸರಿಯಿಲ್ಲ! ಹಳ್ಳಿಯಿಂದ ಬಂದ ಹುಡುಗ ಹುಡುಗಿಯರು ಇದನ್ನು ತಮ್ಮ ದಡ್ಡತನ ಎಂದು ನಂಬಿ ಕುಗ್ಗುತ್ತಾರೆ. ಅರ್ಥವಾಗದಿದ್ದರೂ ‘ಎಸ್ ಸರ್’ ಎನ್ನುವ ಅಭ್ಯಾಸ ಹುಟ್ಟುವುದೂ ಈ ಭಯದಿಂದಲೇ.

ಹಾಗೆಯೇ ‘ಅಮೆರಿಕನ್ನರು ಹೀಗೆ, ತೆಲುಗರು ಹಾಗೆ’ ಎಂದು ಹಣೆಪಟ್ಟಿ ಹಚ್ಚುವುದೂ ತಪ್ಪು. ಹಾಲ್ ಹೇಳಿದ್ದು ಸಮಾಜಗಳ ಒಟ್ಟು ರೂಢಿಯ ಬಗ್ಗೆ. ಎದುರಿಗೆ ಕೂತಿರುವುದು ಒಬ್ಬ ವ್ಯಕ್ತಿ. ಸಂಕೋಚದ ಅಮೆರಿಕನ್ನರೂ ಇದ್ದಾರೆ, ಕಡ್ಡಿ ಮುರಿದಂತೆ ಮಾತಾಡುವ ಕನ್ನಡಿಗರೂ ಇದ್ದಾರೆ.

ಏನು ಮಾಡಬಹುದು?

ಪೈಲಟ್‌ಗಳು ನಿಯಂತ್ರಣ ಕೊಠಡಿಯ ಸೂಚನೆಯನ್ನು ಬರೀ ‘ಓಕೆ’ ಎಂದು ಬಿಡುವುದಿಲ್ಲ, ಕೇಳಿದ್ದನ್ನು ತಿರುಗಿ ಹೇಳುತ್ತಾರೆ. ಈ ಪದ್ಧತಿ ಆಫೀಸು, ಹಾಸ್ಟೆಲ್, ಮಾರುಕಟ್ಟೆ ಎಲ್ಲ ಕಡೆ ಉಪಯೋಗಕ್ಕೆ ಬರುತ್ತದೆ.

• ‘ಅರ್ಥ ಆಯ್ತಾ?’ ಎಂದು ಕೇಳಬೇಡಿ, ಎಲ್ಲರೂ ‘ಹೂಂ’ ಎನ್ನುತ್ತಾರೆ. ‘ಈಗ ಮೊದಲು ಏನು ಮಾಡ್ತೀರಿ?’ ಎಂದು ಕೇಳಿ.

• ನಿಮಗೆ ಅರ್ಥವಾದದ್ದನ್ನು ನಿಮ್ಮ ಮಾತಿನಲ್ಲಿ ಒಮ್ಮೆ ಹೇಳಿ. ‘ಅಂದರೆ, ನಾನು ಇದನ್ನು ಸೋಮವಾರ ಕೊಡಬೇಕು, ಸರಿನಾ?’ ಎಂಬ ಒಂದು ಸಾಲು ಸಾಕು.

• ತಾರೀಖನ್ನು ತಿಂಗಳ ಹೆಸರಿನ ಜತೆ ಬರೆಯಿರಿ. ಸಮಯ ಹೇಳುವಾಗ ಯಾವ ಊರಿನ ಸಮಯ ಎಂದೂ ಹೇಳಿ.

• ‘ಆಗಲ್ಲ’ ಎನ್ನಲು ಸಂಕೋಚವಾದರೆ ಆಗುವುದನ್ನು ಹೇಳಿ. ‘ಶುಕ್ರವಾರ ಅರ್ಧ ಆಗುತ್ತೆ, ಉಳಿದದ್ದು ಮಂಗಳವಾರ’ ಎಂದರೆ ಸೌಜನ್ಯವೂ ಉಳಿಯುತ್ತದೆ, ಸತ್ಯವೂ ಉಳಿಯುತ್ತದೆ.

• ಯಾರದ್ದಾದರೂ ಮಾತು ಒರಟು ಅನ್ನಿಸಿದರೆ, ಅವರ ಊರಲ್ಲಿ ಅದು ಹೇಗೆ ಕೇಳುತ್ತದೆ ಎಂದು ಮೊದಲು ವಿಚಾರಿಸಿ, ಆಮೇಲೆ ಸಿಟ್ಟಾಗಿ.

• ಮೇಲಿನ ಸ್ಥಾನದಲ್ಲಿರುವವರು ‘ಮತ್ತೊಮ್ಮೆ ಕೇಳಿದರೆ ತಪ್ಪಿಲ್ಲ’ ಎಂದು ಮೊದಲ ದಿನವೇ ಹೇಳಿಬಿಡಿ. ಕೇಳುವ ಧೈರ್ಯ ಕಿರಿಯರಿಗೆ ತಾನಾಗಿ ಬರುವುದಿಲ್ಲ.

ಮತ್ತೆ ಆ ಹಾಸ್ಟೆಲ್ ರೂಮಿಗೆ ಬರೋಣ. ‘ಅವಸರಂ ಲೇದು’ ಎಂಬ ಉತ್ತರ ಬಂದಾಗ ತೆಲುಗಿನ ಹುಡುಗ ‘ಅಂಟೇ, ಪಂಪಾಲಾ ವದ್ದಾ?’ ಎಂದು, ಅಂದರೆ ‘ಕಳಿಸಲಾ ಬೇಡವಾ?’ ಎಂದು ಇನ್ನೊಂದು ಸಲ ಕೇಳಿದ್ದರೆ ಸಾಕಿತ್ತು. ಇಲ್ಲವೇ ಕನ್ನಡದ ಹುಡುಗ ‘ನಾಳೆ ಕಳಿಸು’ ಎಂದು ದಿನ ಹೇಳಿದ್ದರೂ ಸಾಕಿತ್ತು. ಅರ್ಧ ನಿಮಿಷದ ಮಾತು ಅದು. ರೆಸ್ಯೂಮ್ ಹೋಗುತ್ತಿತ್ತು, ಗೆಳೆತನವೂ ಉಳಿಯುತ್ತಿತ್ತು.